ದೀಪ ತೂಗಿದಾಗ ನಿಂತಿದ್ದಿರಾ, ಕೂತಿದ್ದಿರಾ?

ಫೆಬ್ರವರಿ ಮುಗಿಯುತ್ತ ಬಂದರೂ ಬಸವಲಿಂಗಮ್ಮನ ಮನೆಗೆ ಜನ ಬರುವುದು ನಿಂತಿರಲಿಲ್ಲ. ಸಾವಿನ ಮನೆಗೆ ಹೇಗೆ ಹೋಗಬೇಕೆಂದು ಚಳ್ಳಕೆರೆಯ ಜನಕ್ಕೆ ಗೊತ್ತು, ಮದುವೆ ಮನೆಗೆ ಹೇಗೆ ಹೋಗಬೇಕೆಂದು ಇನ್ನೂ ಚೆನ್ನಾಗಿ ಗೊತ್ತು. ಎರಡೂ ಅಲ್ಲದ ಮನೆಗೆ ಹೋಗುವ ರೀತಿ ಮಾತ್ರ ಯಾರಿಗೂ ತಿಳಿಯದು. ಹಾಗಾಗಿ ಒಬ್ಬರು ಬಾಳೆಹಣ್ಣು ಹಿಡಿದು ಬಂದರೆ ಇನ್ನೊಬ್ಬರು ಬರಿಗೈಯಲ್ಲಿ ಬರುತ್ತಿದ್ದರು. ಕೆಲವರು ಬಾಗಿಲಲ್ಲೇ ಅಳು ಶುರು ಮಾಡಿ, ಒಳಗೆ ಯಾರೂ ಅಳುತ್ತಿಲ್ಲವೆಂದು ಕಂಡ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಸುಮ್ಮನೆ ಕೂರುತ್ತಿದ್ದರು.

ಬಂದವರಿಗೆಲ್ಲ ಬಸವಲಿಂಗಮ್ಮ ಒಂದೇ ಸಂಗತಿಯನ್ನು ಹೇಳುತ್ತಿದ್ದಳು. ಜನವರಿ ಇಪ್ಪತ್ತಾರರ ಬೆಳಿಗ್ಗೆ, ಗುಜರಾತಿನಲ್ಲಿ ಭೂಕಂಪವಾದ ದಿನ, ಅಲ್ಲಿನ ಭಚಾವ್ ಊರಿನಿಂದ ಕಿರಿಯ ಮಗ ವೀರೇಶ್ ಫೋನು ಮಾಡಿದ್ದು.

"'ಅವ್ವಾ, ನಾನು, ಕೇಳಿಸ್ತೈತಾ?' ಅಂದ. 'ಕೇಳಿಸ್ತೈತೆ ಹೇಳಪ್ಪ' ಅಂದೆ. ಹಿಂದಾಗಡೆ ಏನೋ ಗದ್ಲ. 'ಅವ್ವಾ, ಕೇಳಿಸ್ತೈತಾ' ಅಂತ ಮತ್ತೆ ಕೂಗ್ದ. ಕಟ್ಟಾತು. ಫೋನು ಇನ್ನಾ ಕೈಯಾಗೇ ಐತೆ, ದೇವರ ಕ್ವಾಣೆ ಕಡೆ ನೋಡ್ತೀನಿ, ತೂಗುದೀಪ ತೊಟ್ಲು ತೂಗಿದಂಗೆ ತೂಗ್ತೈತೆ!"

ಹೀಗೆನ್ನುವಾಗ ಅವಳು ಎಡಗೈಯನ್ನು ಕಿವಿಗಿಟ್ಟು ಬಲಗೈಯಿಂದ ದೀಪ ತೂಗಿದ ಪರಿಯನ್ನು ತೋರಿಸುತ್ತಿದ್ದಳು. ಫೋನು ಇದ್ದದ್ದು ಪಡಸಾಲೆಯ ಗೋಡೆಯಲ್ಲಿ, ಅದರೆದುರಿಗೇ ದೇವರ ಕೋಣೆಯ ಬಾಗಿಲು. ಕೇಳಿದವರಿಗೆ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಭೂಮಿ ಅಲ್ಲೂ ನಡುಗಿತು, ಇಲ್ಲೂ ನಡುಗಿತು, ಅದೇ ಗಳಿಗೆಗೆ ಮಗ ಹೋದ, ತಾಯಿ ಕಿವಿಯಾರೆ ಕೇಳಿದಳು ಎಂದು ಎಲ್ಲರೂ ಲೊಚಗುಟ್ಟುತ್ತಿದ್ದರು.

ಹಾಗೆ ತಿಳಿಯದವಳು ಒಬ್ಬಳೇ, ವೀರೇಶನ ಹೆಂಡತಿ ದಾಕ್ಷಾಯಿಣಿ. ಭೂಮಿ ಎರಡೂ ಕಡೆ ಒಟ್ಟಿಗೆ ನಡುಗುವುದಿಲ್ಲವೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಎಮ್ಮೆಸ್ಸಿ ಓದಿದ ಸೊಸೆ, ಮೊಳಕಾಲ್ಮೂರು ಬಳಿಯ ಸಿದ್ದಾಪುರದ ಬಂಡೆಗಳ ನಡುವೆ ಬೆಂಗಳೂರಿನ ಸಂಸ್ಥೆಯೊಂದು ಕಟ್ಟಿಸಿದ್ದ ಭೂಕಂಪ ಕೇಂದ್ರದಲ್ಲಿ ಕೆಲಸ. ಕೇಂದ್ರವೆಂದರೆ ಒಂದು ಕೋಣೆ, ಬಂಡೆಗೆ ಕಚ್ಚಿಸಿದ ಒಂದು ಯಂತ್ರ, ಸುತ್ತುವ ಡ್ರಮ್ಮಿನ ಮೇಲೆ ಕಾಗದ, ಕಾಗದದ ಮೇಲೆ ಸೂಜಿ. ನೆಲದೊಳಗೆ ಬರುವ ಅಲೆಗಳನ್ನು ಸೂಜಿ ಗೀಚುತ್ತದೆ. ಗೀಚಿದ್ದನ್ನು ಓದಿ ಕಂಪನ ಎಷ್ಟು ದೂರದ್ದು, ಎಷ್ಟು ದೊಡ್ಡದು, ದಾರಿಯಲ್ಲಿ ನೆಲ ಅದರ ಬಲವನ್ನು ಎಷ್ಟು ನುಂಗಿತು ಎಂದು ಲೆಕ್ಕ ಹಾಕುವುದು ಅವಳ ಉದ್ಯೋಗ.

ಭೂಕಂಪವಾದ ಮೂರನೆಯ ದಿನ ಅತ್ತೆಯ ಈ ಮಾತನ್ನು ಮೊದಲ ಸಲ ಪೂರ್ತಿಯಾಗಿ ಕೇಳಿದಾಗ ದಾಕ್ಷಾಯಿಣಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಅತ್ತೆ, ದೀಪ ತೂಗಿದಾಗ ಫೋನು ಕೈಯಲ್ಲೇ ಇತ್ತಾ?"

"ಕೈಯಾಗೇ ಇತ್ತಲ್ಲವ್ವ."

"ಹಂಗಾದ್ರೆ ಭೂಕಂಪ ಆದ ಮೇಲೂ ಅವರು ಮಾತಾಡಿದಾರೆ."

ಮನೆಯವರು ಅವಳ ಮುಖವನ್ನೇ ನೋಡಿದರು. ಅವಳು ಬಿಡಿಸಿ ಹೇಳಿದಳು. ಭಚಾವಿನಿಂದ ಚಳ್ಳಕೆರೆಗೆ ಸಾವಿರದ ಇನ್ನೂರು ಕಿಲೋಮೀಟರ್ ಹತ್ತಿರ. ಅಲೆ ಎಷ್ಟೇ ಓಡಿದರೂ, ದೀಪವನ್ನು ತೂಗುವಂಥ ದೊಡ್ಡ ಅಲೆ ಇಲ್ಲಿಗೆ ಮುಟ್ಟಲು ಐದಾರು ನಿಮಿಷ ಬೇಕು. ದೀಪ ತೂಗುವ ಹಿಂದಿನ ಗಳಿಗೆಯವರೆಗೂ ವೀರೇಶ್ ಫೋನಿನಲ್ಲಿದ್ದನೆಂದರೆ, ಅಲ್ಲಿ ಮನೆಗಳು ಬಿದ್ದು ಐದು ನಿಮಿಷದ ಮೇಲೂ ಅವನು ಬದುಕಿದ್ದ. ಆ ಗದ್ದಲ ಜನ ಬೀದಿಗೆ ಬಿದ್ದು ಕೂಗುತ್ತಿದ್ದ ಗದ್ದಲ. ಅವನು ಹೊರಗೆ ಎಲ್ಲಿಂದಲೋ ಫೋನು ಮಾಡಿದ್ದಾನೆ.

ಆಸೆ ಹುಟ್ಟಿದ್ದು ಹೀಗೆ. ಇಲ್ಲದಿದ್ದರೆ ಆಸೆಗೆ ಜಾಗವೇ ಇರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕತ್ತು ಹಿಚುಕುತ್ತಿದ್ದ ಹೊರದೇಶದ ಪಾಮ್ ಎಣ್ಣೆ ಭಚಾವಿನ ಹತ್ತಿರದ ಕಾಂಡ್ಲಾ ಬಂದರಿನಲ್ಲಿ ಇಳಿಯುತ್ತಿತ್ತು. ತಮ್ಮ ಮಿಲ್ಲಿನ ವೈರಿಯ ಮುಖವನ್ನಾದರೂ ನೋಡಿಕೊಂಡು ಬರೋಣವೆಂದು ಹೋದ ವೀರೇಶ್ ಭಚಾವಿನಲ್ಲಿ ಪರಿಚಯದ ದಲ್ಲಾಳಿಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದ. ಮೂರಂತಸ್ತಿನ ಆ ಮನೆ ಒಂದೇ ಅಂತಸ್ತಿನಷ್ಟಾಗಿ ಕೂತುಬಿಟ್ಟಿತ್ತು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಸಿಕ್ಕ ದೇಹಗಳನ್ನು ಯಾರದೆಂದು ನೋಡುವ ವ್ಯವಧಾನವೂ ಇಲ್ಲದೆ ಒಟ್ಟಿಗೆ ಸುಟ್ಟರಂತೆ.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ವೀರೇಶನ ಅಣ್ಣ ತೋಟಪ್ಪ ಮಿಲ್ಲಿಗೆ ಬೀಗ ಜಡಿದು, ತಮ್ಮನ ಫೋಟೋ ಜೇಬಿಗಿಟ್ಟುಕೊಂಡು ರೈಲು ಹತ್ತಿದ. ಅಂದಿನಿಂದ ಆಸ್ಪತ್ರೆ, ಶಿಬಿರ, ಡೇರೆಗಳನ್ನು ಸುತ್ತುತ್ತಿದ್ದ, ದಿನಾ ಸಂಜೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದ. ಸತ್ತವರಿಗೆ ಮಾಡುವ ಶಿವಗಣಾರಾಧನೆಯ ಮಾತೆತ್ತಿದ್ದ ಮಠದ ಅಯ್ಯನವರು, "ತಾಯಿ ಕಿವಿಯಿಂದ ಕೇಳ್ಯಾರೆ, ಸೊಸಿ ಲೆಕ್ಕ ಹಾಕ್ಯಾಳೆ, ನಾವ್ಯಾರು ಅವಸರ ಮಾಡಾಕೆ, ಕಾಯ್ರಿ" ಎಂದು ಎದ್ದುಹೋದರು. ಇಡೀ ಮನೆ ದಾಕ್ಷಾಯಿಣಿಯ ಐದು ನಿಮಿಷದ ಮೇಲೆ ನಿಂತಿತು.

ಅವಳಿಗೆ ಅನುಮಾನ ಇರಲಿಲ್ಲವೇ? ಇತ್ತು. ಆ ಊರಲ್ಲಿ ಟೆಲಿಫೋನ್ ಕಂಬಗಳು ನಿಂತಿರಲಿಲ್ಲವೆಂದು ಟಿವಿಯಲ್ಲಿ ಅವಳೇ ನೋಡಿದ್ದಳು. ಒಂದೊಂದು ತಂತಿ ಉಳಿದಿದ್ದೀತು ಎಂದುಕೊಂಡಳು. ಬೇರೆಯವರ ಲೆಕ್ಕದಲ್ಲಿ ಇಂಥ ಸಡಿಲ ಮಾತು ಕಂಡಿದ್ದರೆ ಕೆಂಪು ಗೀಟು ಎಳೆಯುತ್ತಿದ್ದಳು. ಮನೆ ಲೆಕ್ಕಕ್ಕೆ ಅಷ್ಟು ನಿಷ್ಠುರ ಯಾರಿಗೆ ಬರುತ್ತದೆ?

ಅಳುವೂ ಬರಲಿಲ್ಲ, ಆಸೆಯೂ ನಿಜವಾಗಿ ಒಳಗಿಳಿಯಲಿಲ್ಲ. ದಂತವೈದ್ಯರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು. ಬೆಳಿಗ್ಗೆ ಏಳುವಳು, ಹಣೆಗೆ ಕುಂಕುಮ ಇಡುವಳು, ಮೊಳಕಾಲ್ಮೂರು ಕಡೆಯ ಬಸ್ಸು ಹತ್ತುವಳು. ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಮರೆತರೆ ಕೇಳುತ್ತಿರಲಿಲ್ಲ. ಜನ ಮಾತ್ರ ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರು.

ಅವಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಇನ್ನೊಂದು. ಭೂಕಂಪದ ದಿನ ಬೆಳಿಗ್ಗೆ, ರಜೆಯಾದರೂ ಡ್ರಮ್ಮಿನ ಕಾಗದ ಬದಲಿಸಲೆಂದು ಹೊರಟು, ಅವಳು ಬಸ್ಸಿನಲ್ಲಿದ್ದಳು. ಆ ರಸ್ತೆಯ ಕುಲುಕಾಟದಲ್ಲಿ ಪ್ರಳಯವಾದರೂ ತಿಳಿಯುವಂತಿಲ್ಲ. ಕೇಂದ್ರಕ್ಕೆ ಹೋಗುವಷ್ಟರಲ್ಲಿ ಕಾವಲುಗಾರ ಕ್ಯಾತಪ್ಪ ಎದುರಿಗೇ ಓಡಿಬಂದ.

"ಮೇಡಮ್ಮಾರೆ, ಮಿಷನ್ನಿಗೆ ಹುಚ್ಚು ಹಿಡಿದೈತೆ! ಸೂಜಿ ಆ ಕಡಿಂದ ಈ ಕಡಿಗೆ ಬಡ್ಕಂತೈತೆ, ನಾನೇನೂ ಮುಟ್ಟಿಲ್ಲ, ಆಣೆಗೂ!"

ಅವಳು ಕಾಗದ ನೋಡಿದಳು. ಮೊದಲು ಬಂದ ವೇಗದ ಅಲೆ, ಹಿಂದೆ ಬಂದ ನಿಧಾನದ ಅಲೆ. ಎರಡರ ನಡುವಿನ ಅಂತರದಿಂದ ದೂರ ಸಿಕ್ಕಿತು. ಒಂದೇ ಕೇಂದ್ರದ ಕಾಗದ ದೂರವನ್ನು ಹೇಳುತ್ತದೆ, ದಿಕ್ಕನ್ನು ಹೇಳುವುದಿಲ್ಲ. ಕೈವಾರ ಹಿಡಿದು ಭೂಪಟದ ಮೇಲೆ ವೃತ್ತ ಎಳೆದಳು. ಅದು ಬಂಗಾಳ ಕೊಲ್ಲಿಯ ನೀರಿನ ಮೇಲೆ ಹೋಯಿತು, ಮಧ್ಯಪ್ರದೇಶದ ಮೇಲೆ ಹೋಯಿತು, ಕಛ್‌ನ ಮೇಲೂ ಹಾದುಹೋಯಿತು. ಅಷ್ಟಾಗುವವರೆಗೂ ಅವಳಿಗೆ ಆಗುತ್ತಿದ್ದದ್ದು ಖುಷಿ. ಹೌದು, ಖುಷಿಯೇ. ಇಷ್ಟು ದೊಡ್ಡ ಕಂಪನ ತನ್ನ ಡ್ರಮ್ಮಿನ ಮೇಲೆ ಬಿತ್ತಲ್ಲ ಎಂಬ ಖುಷಿ. ಗಂಡ ಮಣ್ಣಿನಡಿ ಇದ್ದಿರಬಹುದಾದ ಹೊತ್ತಿನಲ್ಲಿ ತಾನು ಕ್ಯಾತಪ್ಪನಿಗೆ ಚಹ ತರಿಸಿ ಕುಡಿಸಿದ್ದಳು.

ಈಗ ಅದೇ ಕಾಗದವನ್ನು ಅಳೆಯುವ ಕೆಲಸ ಅವಳದಾಗಿತ್ತು. ಸೂಜಿ ಎರಡೂ ಕಡೆಯ ಅಂಚಿಗೆ ಬಡಿದಿದ್ದರಿಂದ ಅಲೆಯ ಎತ್ತರ ಸಿಗುವಂತಿರಲಿಲ್ಲ. ಎತ್ತರ ಸಿಗದಿದ್ದಾಗ ಬೇರೆ ಹಾದಿ ಉಂಟು, ನಡುಕ ಶುರುವಾದಲ್ಲಿಂದ ಪೂರ್ತಿ ಅಡಗುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು ಗಾತ್ರವನ್ನು ಅಂದಾಜು ಮಾಡುವುದು. ಅಡಗಿತು ಎಂದು ಎಲ್ಲಿ ಹೇಳುವುದು ಎಂಬುದೇ ಕಷ್ಟ. ನೆಲ ಎಂದೂ ಪೂರ್ತಿ ಸುಮ್ಮನಿರುವುದಿಲ್ಲ. ಗಾಳಿ, ಲಾರಿ, ಕ್ಯಾತಪ್ಪನ ಕುರಿಗಳು ಎಲ್ಲವೂ ಒಂದಿಷ್ಟು ಗೀಚುತ್ತವೆ. ಅವಳು ಭೂತಗನ್ನಡಿ ಹಿಡಿದು ಗೆರೆಗಳ ಮೇಲೆ ಗಂಟೆಗಟ್ಟಲೆ ಬಗ್ಗಿರುತ್ತಿದ್ದಳು. ಬೆಂಗಳೂರಿನ ಮುಖ್ಯಸ್ಥರು, "ರಜೆ ತಗೊಳ್ಳಿ, ಬೇರೆಯವರು ಮಾಡ್ತಾರೆ" ಎಂದರೂ ಕೇಳಲಿಲ್ಲ. ಮನೆಯಲ್ಲಿ ಬಾಳೆಹಣ್ಣು ಹಿಡಿದು ಬಂದವರೆದುರು ಕೂರುವುದಕ್ಕಿಂತ ಇದೇ ವಾಸಿಯಾಗಿತ್ತು.

ಕಾಗದದ ಕೆಲಸ ಮುಗಿದ ಮೇಲೆ ಊರೂರು ತಿರುಗುವ ಕೆಲಸ ಬಂತು. ದೂರದ ಕಂಪನ ಎಲ್ಲೆಲ್ಲಿ ಜನರ ಅರಿವಿಗೆ ಬಂತು, ಎಲ್ಲಿ ಬರಲಿಲ್ಲ ಎಂದು ಕೇಳಿ ಗುರುತು ಮಾಡುವುದು. ನಮ್ಮ ಕಡೆಯ ಹಳೆಯ ಗಟ್ಟಿ ಬಂಡೆ ಅಲೆಯ ಬಲವನ್ನು ಹೆಚ್ಚು ನುಂಗುವುದಿಲ್ಲ, ಕೊಟ್ಟದ್ದನ್ನು ಬಲು ದೂರ ಹಾಗೇ ದಾಟಿಸುತ್ತದೆ. ಆದರೆ ಬಂಡೆಯ ಮೇಲೆ ನಿಂತವರಿಗೆ ತಿಳಿಯದ್ದು ಮೆತ್ತನೆಯ ಮಣ್ಣಿನ ಮೇಲೆ ಕೂತವರಿಗೆ ತಿಳಿಯುತ್ತದೆ. ಸಿದ್ದಾಪುರದಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ. "ಕುರಿ ಸೈತ ಕಿವಿ ನಿಮಿರಿಸಲಿಲ್ಲ" ಎಂದ ಕ್ಯಾತಪ್ಪ.

ಈ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆಗಳು ಅವಳಿಗೆ ಬಾಯಿಪಾಠ. ಆ ಹೊತ್ತಿಗೆ ಎಲ್ಲಿದ್ದಿರಿ? ನಿಂತಿದ್ದಿರಾ, ಕೂತಿದ್ದಿರಾ, ಮಲಗಿದ್ದಿರಾ? ಕೈಯಲ್ಲಿ ಏನು ಕೆಲಸವಿತ್ತು? ಏನು ಅಲ್ಲಾಡಿತು? ಮೊದಲ ಮೂರು ಪ್ರಶ್ನೆ ಪೆದ್ದು ಪ್ರಶ್ನೆಗಳಂತೆ ಕಾಣುತ್ತವೆ, ಆದರೆ ಅವೇ ಮುಖ್ಯ. ಜನ ಸುಳ್ಳು ಹೇಳುವುದಿಲ್ಲ, ಬೇರೆ ಬೇರೆ ಹೊತ್ತಿನಲ್ಲಿ ನಡೆದದ್ದನ್ನು ಒಂದೇ ಗಂಟು ಕಟ್ಟುತ್ತಾರೆ. ಚಳ್ಳಕೆರೆ ಮಾರುಕಟ್ಟೆಯ ವರ್ತಕರೊಬ್ಬರು ತಮ್ಮ ಅಂಗಡಿಯ ಬೀರು ಭೂಕಂಪಕ್ಕೇ ಉರುಳಿತೆಂದು ಎದೆ ತಟ್ಟಿ ಹೇಳಿದರು. ನಿಂತಿದ್ದಿರಾ ಕೂತಿದ್ದಿರಾ ಎಂದು ಕೇಳಿದ್ದಕ್ಕೆ, ಅಂಗಡಿಯನ್ನೇ ತೆರೆದಿರಲಿಲ್ಲ, ಅಂದು ರಜೆ, ಬೀರು ಬಿದ್ದದ್ದು ಸಂಕ್ರಾಂತಿ ಮುಂಚೆ ಸಾಮಾನು ತುಂಬುವಾಗ ಎಂದು ಅವರ ಬಾಯಿಂದಲೇ ಹೊರಬಿತ್ತು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಸೂರಮ್ಮ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತೇ ಉತ್ತರ ಹೇಳಿದಳು.

"ನಿಂತಿದ್ರಾ, ಕೂತಿದ್ರಾ?" ಎಂದು ದಾಕ್ಷಾಯಿಣಿ ಕೇಳಿದಳು.

"ಏಂ ಅಮ್ಮಾ, ಮಗ್ಗದಾಗೆ ನಿಂತ್ಕಂಡು ಯಾರಾನ ನೇಯ್ತಾರಾ?" ಸೂರಮ್ಮ ನಕ್ಕಳು. "ಕೂತಿದ್ದೆ. ಕಾಲಡಿ ಯಾರೋ ಚಾಪೆ ಎಳೆದಂಗಾತು. ತಲೆ ತಿರುಗ್ತೈತೆ ಅಂದ್ಕಂಡು ಮನಿಯವರಿಗೆ ಬೈದೆ, ಬೆಳಿಗ್ಗಿಂದ ಒಂದು ಗುಟುಕು ಕಾಫಿ ಕೊಟ್ಟಿಲ್ಲ ಅಂತ." ಆಮೇಲೆ ದಾಕ್ಷಾಯಿಣಿಯ ಮುಖ ನೋಡಿ ನಗು ನಿಲ್ಲಿಸಿದಳು. "ಅಲ್ಲೆಲ್ಲಾ ಶ್ಯಾನೆ ಜನ ಹೋದ್ರಂತಲ್ಲ. ನಿಮ್ಮೋರು ಯಾರಾನ...?"

"ಹುಡುಕ್ತಾ ಇದಾರೆ" ಎಂದಳು ದಾಕ್ಷಾಯಿಣಿ. ಅದು ಅವಳಿಗೆ ಅಭ್ಯಾಸವಾಗಿತ್ತು.

ಚಳ್ಳಕೆರೆಯ ಕೇರಿಗಳನ್ನೂ ಮುಗಿಸಿದ ಮೇಲೆ ಉಳಿದದ್ದು ಅವಳ ಮನೆ. ಬಿಟ್ಟುಬಿಡಬಹುದಿತ್ತು, ದೀಪದ ವಿಷಯ ಊರಿಗೇ ಗೊತ್ತಿತ್ತು. ಆದರೆ ಬೇರೆಯವರನ್ನು ಕೇಳಿದ್ದನ್ನು ಮನೆಯವರನ್ನೂ ಕೇಳಲೇಬೇಕು ಎನ್ನುವ ಹಟ ಅವಳದು. ಅತ್ತೆಯನ್ನು ಮರುಪ್ರಶ್ನೆ ಮಾಡುವ ರೂಢಿ ಆ ಮನೆಯಲ್ಲಿ ಯಾವ ಸೊಸೆಗೂ ಇರಲಿಲ್ಲವಾದ್ದರಿಂದ, ಮೂರನೆಯ ದಿನ ಕೇಳಿದ ಒಂದು ಪ್ರಶ್ನೆಯ ಆಚೆ ಅವಳು ಹೋಗಿರಲಿಲ್ಲ. ಇದು ಆಫೀಸಿನ ಕೆಲಸ, ಕೇಳಿದರೆ ತಪ್ಪಿಲ್ಲವೆಂದುಕೊಂಡಳು.

ಸಂಜೆಯ ಹೊತ್ತು. ಬಸವಲಿಂಗಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದಾಕ್ಷಾಯಿಣಿ ಎದುರಿಗೆ ಕೂತು ತಾನೂ ನಾಲ್ಕು ಕಾಯಿ ಕೈಗೆತ್ತಿಕೊಂಡಳು.

"ಅತ್ತೆ, ಎಲ್ಲರನ್ನೂ ಕೇಳ್ದಂಗೆ ನಿಮ್ಮನ್ನೂ ಕೇಳ್ಬೇಕು. ಬೇಜಾರಾಗ್ಬ್ಯಾಡ್ರಿ."

"ಕೇಳವ್ವ."

"ದೀಪ ತೂಗಿದಾಗ ನಿಂತಿದ್ರಾ, ಕೂತಿದ್ರಾ?"

"ಕೂತಿದ್ದೆ."

ದಾಕ್ಷಾಯಿಣಿಯ ಬೆರಳು ಸಿಪ್ಪೆಯ ಮೇಲೆ ನಿಂತಿತು. ಪಡಸಾಲೆಯ ಫೋನು ಎದೆಯೆತ್ತರದ ಗೂಡಿನಲ್ಲಿತ್ತು. ಅದರ ತಂತಿ ಮೊಳದುದ್ದ. ಆ ಫೋನಿನಲ್ಲಿ ಕೂತು ಮಾತಾಡಿದವರು ಆ ಮನೆಯಲ್ಲಿ ಯಾರೂ ಇಲ್ಲ.

"ಎಲ್ಲಿ ಕೂತಿದ್ರಿ?"

"ದೇವರ ಕ್ವಾಣೆಯಾಗೆ, ಮತ್ತೆಲ್ಲಿ? ಮಣೆ ಮ್ಯಾಲೆ." ಬಸವಲಿಂಗಮ್ಮ ತಲೆ ಎತ್ತದೆ, ಕಾಯಿ ಸುಲಿಯುತ್ತಲೇ ಹೇಳಿದಳು. "ಲಿಂಗ ಅಂಗೈಯಾಗಿತ್ತು. ಪತ್ರೆ ಏರಿಸಿದ್ದೆ. ದೀಪ ತೂಗಿದ್ದು ನೋಡಿ, ಎಲ್ಲಿ ಲಿಂಗ ಜಾರಿ ಬಿದ್ದುಬಿಡ್ತೈತೋ ಅಂತ ಮುಷ್ಟಿ ಮುಚ್ಕಂಡೆ. ಎದ್ದು ಕೂಗಾಣ ಅಂದ್ರೆ ಪೂಜೆಯಾಗೆ ಮಾತಾಡಂಗಿಲ್ಲ."

ಲಿಂಗ ಅಂಗೈಯಲ್ಲಿರುವಾಗ ಬಸವಲಿಂಗಮ್ಮ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಫೋನು ಎಷ್ಟು ಬಡಿದುಕೊಂಡರೂ ತೆಗೆಯುವುದಿಲ್ಲ. ಅವಳ ಪೂಜೆಯ ಕ್ರಮ ದಾಕ್ಷಾಯಿಣಿಗೆ ನಾಲ್ಕು ವರ್ಷದಿಂದ ಗೊತ್ತು. ಕೈಕಾಲು ತೊಳೆಯಬೇಕು, ಮಣೆ ಹಾಕಬೇಕು, ಹಣೆಗೆ, ತೋಳಿಗೆ ವಿಭೂತಿ ಹಚ್ಚಬೇಕು, ಕೊರಳಿನ ಕರಡಿಗೆಯಿಂದ ಲಿಂಗ ಬಿಚ್ಚಬೇಕು, ನೀರು ಎರೆಯಬೇಕು, ಆಮೇಲೆ ಪತ್ರೆ. ನಿಧಾನದ ಹೆಂಗಸು. ಅಷ್ಟಕ್ಕೆ ಐದಾರು ನಿಮಿಷ ಬೇಕೇ ಬೇಕು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳದೆ ಎದ್ದುಬಿಡಬಹುದಿತ್ತು. ಕೇಳಿದಳು.

"ಫೋನಿನಾಗೆ ಗದ್ಲ ಅಂದ್ರಲ್ಲ, ಎಂಥಾ ಗದ್ಲ ಅತ್ತೆ?"

"ಮೈಕಿನಾಗೆ ಹಾಡು ಹಾಕಿದ್ರವ್ವ. ಹುಡುಗ್ರು ಬ್ಯಾಂಡು ಬಾರಿಸ್ದಂಗೂ ಇತ್ತು. ಬಾವುಟದ ಹಬ್ಬ ಅಲ್ವಾ. ಹಾಳಾದ್ ಗದ್ಲದಾಗೆ ನನ್ ಮಗನ ಮಾತು ಸರಿಯಾಗಿ ಕೇಳ್ಲೇ ಇಲ್ಲ, ಫೋನೂ ಕಟ್ಟಾತು. ಮತ್ತೆ ಮಾಡ್ತಾನೆ ಬಿಡು ಅಂತ ಪೂಜೆಗೆ..."

ಅಲ್ಲಿಗೆ ಬಸವಲಿಂಗಮ್ಮ ನಿಂತಳು. ಕೈಯಲ್ಲಿದ್ದ ಕಾಳು ಮಡಿಲಿಗೆ ಬಿತ್ತು. ತಿಂಗಳಿಂದ ಹೇಳಿ ಹೇಳಿ ಸವೆದ ಮಾತಿನಲ್ಲಿ ಪೂಜೆ ಮೊದಲ ಎರಡು ದಿನದಲ್ಲೇ ಉದುರಿಹೋಗಿತ್ತು. ಬಂದವರಿಗೆ ಮಗ ಬೇಕಿತ್ತು, ದೀಪ ಬೇಕಿತ್ತು, ನಡುವಿನ ಮಣೆ, ವಿಭೂತಿ ಯಾರಿಗೂ ಬೇಕಿರಲಿಲ್ಲ. ಈಗ ಅದು ತಾನಾಗಿ ಬಾಯಿಗೆ ಬಂದಿತ್ತು. ಸೊಸೆ ತಿಳಿಸಿಕೊಟ್ಟಿದ್ದ ಐದು ನಿಮಿಷದ ಲೆಕ್ಕ ಆ ಮನೆಯಲ್ಲಿ ಯಾರಿಗೂ ಮರೆತಿರಲಿಲ್ಲ.

"ದಾಕ್ಷಾಯಿಣಿ, ಪೂಜೆ ಮಾತು ನಾನು ಬೇಕಂತ ಬಿಟ್ಟಿದ್ನೇನೇ?"

"ಇಲ್ಲ ಅತ್ತೆ."

"ಅಂಗಾರೆ ಫೋನು ಕಟ್ಟಾಗಿದ್ದೇ ಅಲ್ಲಿ ಮನೆ ಬಿದ್ದ ಗಳಿಗೆ..."

"ಹೌದು ಅತ್ತೆ."

"ನಾನು ವಿಭೂತಿ ಹಚ್ಕಳ್ಳೋ ಹೊತ್ನಾಗೆ..."

ಬಸವಲಿಂಗಮ್ಮ ಅಳಲಿಲ್ಲ. ಮಡಿಲಿಗೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಪಾತ್ರೆಗೆ ಹಾಕತೊಡಗಿದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಹೊತ್ತಿಗೆ ಬರುವ ಫೋನು ತೋಟಪ್ಪನದೇ. ಮುದುಕಿ ಅಲುಗಲಿಲ್ಲ. ದಾಕ್ಷಾಯಿಣಿ ಎದ್ದು ಎತ್ತಿಕೊಂಡಳು.

"ದಾಕ್ಷಾಯಿಣಿ, ಕೇಳವ್ವ ಇಲ್ಲಿ." ತೋಟಪ್ಪನ ದನಿಯಲ್ಲಿ ಹೊಸ ಹುರುಪಿತ್ತು. "ಜಾಮ್‌ನಗರದ ಆಸ್ಪತ್ರೆಯಾಗೆ ಒಬ್ಬ ಅದಾನಂತೆ. ತಲೆಗೆ ಪೆಟ್ಟಾಗೈತೆ, ಹೆಸರು ಹೇಳಾಕೆ ಬರಲ್ಲ. ಎತ್ತರ, ಬಣ್ಣ ಎಲ್ಲಾ ನಮ್ ವೀರೇಶನ್ನೇ ಹೋಲ್ತೈತಂತೆ. ನಾಳೆ ಬೆಳಿಗ್ಗೆ ಹೊರಡ್ತೀನಿ."

ಹೂಂ ಎಂದುಬಿಟ್ಟರೆ ಆಗುತ್ತಿತ್ತು. ಜಾಮ್‌ನಗರ ಮುಗಿದರೆ ರಾಜಕೋಟ್, ಅದು ಮುಗಿದರೆ ಅಹಮದಾಬಾದು. ಹೆಸರು ಹೇಳಲಾರದ ಗಂಡಸರು ಆ ವರ್ಷ ಗುಜರಾತಿನಲ್ಲಿ ಬೇಕಾದಷ್ಟಿದ್ದರು. ತೋಟಪ್ಪ ಅಲ್ಲಿ ಹುಡುಕುತ್ತಿರುವಷ್ಟು ದಿನ ಇಲ್ಲಿ ಅವಳು ಕುಂಕುಮ ಇಟ್ಟುಕೊಂಡು ಬಸ್ಸು ಹತ್ತಬಹುದಿತ್ತು. ಆದರೆ ಆ ಮನುಷ್ಯನನ್ನು ಊರೂರು ಸುತ್ತಿಸುತ್ತಿರುವುದು ಅವಳ ಲೆಕ್ಕ. ತಪ್ಪು ಲೆಕ್ಕ. ಅದನ್ನು ಹಾಗೇ ಬಿಡುವುದು ಅವಳಿಂದ ಆಗಲಿಲ್ಲ.

"ಬ್ಯಾಡ ಭಾವ. ಬಂದ್ಬಿಡ್ರಿ."



"ಗೊತ್ತಾತಾ?" ತೋಟಪ್ಪ ಮೆಲ್ಲಗೆ ಕೇಳಿದ.

"ಗೊತ್ತಾತು."

"ಯಾರು ಹೇಳಿದ್ರು?"

"ಅತ್ತೆ ಹೇಳಿದ್ರು."

ತೋಟಪ್ಪ ಯಾವ ಊರಿನದೋ ಬೂತಿನಲ್ಲಿ ನಿಂತು ದೊಡ್ಡ ದನಿಯಲ್ಲಿ ಅಳತೊಡಗಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಅವನಾಗಿಯೇ ಇಟ್ಟ ಮೇಲೆ ತಾನೂ ಇಟ್ಟಳು.

ತಿರುಗಿ ನೋಡಿದರೆ ಬಸವಲಿಂಗಮ್ಮ ಎದ್ದು ಅವಳ ಬೆನ್ನ ಹಿಂದೆಯೇ ನಿಂತಿದ್ದಳು.

"ಅವ್ನು ಬರಾಕೆ ಎಷ್ಟು ಹೊತ್ತು ಬೇಕು?"

"ರೈಲಿಗೆ ಎರಡು ದಿನ ಆಗ್ತೈತೆ ಅತ್ತೆ."

ಬಸವಲಿಂಗಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈಗಳಿಗೆ ಅವರೆಯ ಸೊಗಡು ಹತ್ತಿತ್ತು.

"ಅಲ್ಲೀಗಂಟ ಯಾರಿಗೂ ಹೇಳ್ಬ್ಯಾಡ. ಅಯ್ಯನೋರಿಗೂ ಹೇಳ್ಬ್ಯಾಡ. ಆವತ್ತು ಅಲ್ಲೆಲ್ಲಾ ಮುಗಿದ್ಮ್ಯಾಲೂ ಇಲ್ಲಿ ದೀಪ ತೂಗೋಗಂಟ ಐದು ನಿಮಿಷ ನನ್ ಮಗ ಇದ್ದ. ಅದು ನಂಗೆ ಗೊತ್ತೇ ಆಗ್ಲಿಲ್ಲ, ಪತ್ರೆ ಏರಿಸ್ತಾ ಕಳೆದ್ಬಿಟ್ಟೆ. ಇನ್ನೆರಡು ದಿನ ಇರ್ಲಿ ಕಣವ್ವ. ಈ ಸಲ ಗೊತ್ತಿದ್ದು ಇಟ್ಕಂತೀನಿ."

ದಾಕ್ಷಾಯಿಣಿ ತಲೆಯಾಡಿಸಿದಳು. ತಿಂಗಳಿಂದ ಮರಗಟ್ಟಿದ್ದ ಮೈಯೊಳಗಿಂದ ಅಳು ಎದ್ದು ಬಂತು. ಅದನ್ನು ತಡೆಯುವ ದಾರಿ ಅವಳಿಗೆ ತಿಳಿಯಲಿಲ್ಲ, ಅತ್ತೆಯ ಹೆಗಲಿಗೆ ಬಾಯಿ ಒತ್ತಿ ಹಿಡಿದಳು.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಪಕ್ಕದ ಮನೆಯ ತಿಪ್ಪೇರುದ್ರಮ್ಮ ಬಾಗಿಲಿಗೆ ಬಂದು, "ಏನಾರ ಸುದ್ದಿ ಬಂತೇನ್ರವ್ವ?" ಎಂದು ಕೇಳಿದಳು.

"ಇನ್ನೂ ಇಲ್ಲ, ಬಾ ಕೂತ್ಕ" ಎಂದಳು ಬಸವಲಿಂಗಮ್ಮ, ಸೊಸೆಯ ಮುಖ ಬಾಗಿಲ ಕಡೆಗೆ ತಿರುಗದಂತೆ ತಬ್ಬಿ ಹಿಡಿದುಕೊಂಡೇ.